ಹಳೆಯ ಕಾರುಗಳೂ ಹಾಸನ ಸೀಮೆಯ ಹಾದಿಗಳೂ

ಕಾರು ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಮೋಟಾರು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ನಮ್ಮವರು ಮಳೆಗಾಲವನ್ನು ಕಾರು ಎಂದರು, ಮಳೆ ಹೊತ್ತ ಮೋಡವನ್ನು ಕಾರ್ಮುಗಿಲು ಎಂದರು. ಇಂಗ್ಲಿಷಿನಿಂದ ಬಂದ ಕಾರು ಈಚಿನದು. ಹಾಗಿದ್ದರೂ ಈ ಎರಡು ಕಾರುಗಳಿಗೆ ಒಂದು ನಂಟುಂಟು. ಮೊದಲನೆಯ ಕಾರು ಮುಗಿದು, ನೆಲ ಗಟ್ಟಿಯಾಗಿ, ಹಳ್ಳಕೊಳ್ಳಗಳ ಕೆಂಪು ನೀರು ತಿಳಿಯಾದ ಮೇಲೆಯೇ ಎರಡನೆಯ ಕಾರು ನೆಮ್ಮದಿಯಿಂದ ಹಳ್ಳಿಗಾಡಿನ ದಾರಿ ಹಿಡಿಯಬಲ್ಲದು. ಹಳೆಯ ಕಾರುಗಳನ್ನು ಸಾಕಿಕೊಂಡಿರುವವರು ಸಂಘ ಕಟ್ಟಿಕೊಂಡು ಶರತ್ಕಾಲದಲ್ಲಿ ಹೊರಸಂಚಾರ ಹೊರಡುವುದುಂಟು. ಅದು ಉಳ್ಳವರ ಹವ್ಯಾಸ, ನಮಗೇಕೆ ಎಂದು ಅನೇಕರು ಸುಮ್ಮನಾಗುತ್ತಾರೆ. ಶಾಸನ, ವೀರಗಲ್ಲು, ತಾಳೆಗರಿಗಳ ನಡುವೆ ಆಯುಷ್ಯದ ಬಹುಭಾಗ ಕಳೆದ ನನ್ನಂಥ ಕನ್ನಡ ಮೇಷ್ಟರಿಗೆ ಮಾತ್ರ ಆ ಸಂಚಾರದಲ್ಲಿ ಇತಿಹಾಸದ ಒಂದು ಪ್ರಶ್ನೆ ಕಾಣುತ್ತದೆ. ಉಳಿದುಬಂದ ವಸ್ತು ಯಾರದು, ಉಳಿಯದೆ ಹೋದದ್ದು ಯಾರದು ಎಂಬುದೇ ಆ ಪ್ರಶ್ನೆ.

ಈ ಪದ್ಧತಿಯ ಮೂಲವನ್ನು ಮೊದಲು ನೋಡೋಣ. ಇಂಗ್ಲೆಂಡಿನಲ್ಲಿ 1865ರ ಕಾನೂನಿನ ಪ್ರಕಾರ ಯಂತ್ರದಿಂದ ನಡೆಯುವ ಬಂಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಬಂಡಿಯ ವೇಗ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ ಮೀರುವಂತಿರಲಿಲ್ಲ. 1896ರಲ್ಲಿ ಬಂದ ಹೊಸ ಕಾನೂನು ಈ ಮಿತಿಯನ್ನು 14 ಮೈಲಿಗೆ ಏರಿಸಿತು. ಆ ಬಿಡುಗಡೆಯ ಸಂಭ್ರಮಕ್ಕಾಗಿ 1896ರ ನವೆಂಬರ್ 14ರಂದು ಮೋಟಾರು ಪ್ರಿಯರು ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆಯಾಗಿ ಹೋದರು. 1927ರಿಂದ ಅದರ ನೆನಪಿಗೆ ಪ್ರತಿ ನವೆಂಬರಿನಲ್ಲಿ, ಯುದ್ಧದಂಥ ಅಡಚಣೆಗಳ ವರ್ಷಗಳನ್ನು ಬಿಟ್ಟು, ಅದೇ ದಾರಿಯಲ್ಲಿ ಹಳೆಯ ಕಾರುಗಳು ಸಾಗುತ್ತ ಬಂದಿವೆ. 1905ಕ್ಕೆ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ನಮ್ಮ ದೇಶದಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಇಂಥ ಸಂಚಾರವನ್ನು ಆರಂಭಿಸಿತು. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವುಂಟು. ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲಿ 2023ರಲ್ಲಿ 'ಪಯಣ' ಎಂಬ ಕಾರು ವಸ್ತುಸಂಗ್ರಹಾಲಯವೂ ತೆರೆದಿದೆ.

ಶರತ್ಕಾಲದಲ್ಲಿ ಹೊರಡುವ ಪದ್ಧತಿಗೆ ನಾವು ಬ್ರೈಟನ್ನಿನ ದಾರಿ ನೋಡಬೇಕಾಗಿಲ್ಲ. ಮಳೆ ನಿಂತ ಮೇಲೆ ಅರಸರು ದಂಡೆತ್ತಿ ಹೊರಡುತ್ತಿದ್ದ ಕಾಲ ಇದೇ. ವಿಜಯದಶಮಿಯ ಸೀಮೋಲ್ಲಂಘನ ಅದರ ಕುರುಹು. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಚಾತುರ್ಮಾಸ್ಯಕ್ಕೆ ನಿಂತ ಜೈನ ಮುನಿಗಳು ಮತ್ತೆ ವಿಹಾರ ಹೊರಡುವುದೂ ಈ ಕಾಲದ ಕೊನೆಗೆ. ವರ್ಷವೆಲ್ಲ ಬಾಗಿಲು ಮುಚ್ಚಿರುವ ಹಾಸನಾಂಬೆಯ ಗುಡಿ ತೆರೆಯುವುದು ಆಶ್ವಯುಜದ ಹುಣ್ಣಿಮೆ ಕಳೆದ ಮೇಲೆ. ಆಗ ಊರಿಗೆ ಊರೇ ಹಾಸನದ ಕಡೆ ನಡೆಯುತ್ತದೆ. ಇನ್ನು ಆಯುಧಪೂಜೆ. ಅಂದು ಅರಮನೆಯ ಕಾರಿಗೂ ಸಂತೆಗೆ ಹೋಗುವ ಲಾರಿಗೂ ಒಂದೇ ಮರ್ಯಾದೆ. ತೊಳೆದು, ಅರಿಶಿನ ಕುಂಕುಮವಿಟ್ಟು, ಸೇವಂತಿಗೆಯ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು ಗಾಡಿಯನ್ನು ಮುಂದಕ್ಕೆ ಬಿಡುತ್ತೇವೆ. ಯಂತ್ರಕ್ಕೆ ಕೃತಜ್ಞತೆ ಹೇಳುವ ಇಂಥದೊಂದು ದಿನ ನಮ್ಮ ಪಂಚಾಂಗದಲ್ಲಿಯೇ ಇದೆ.

ಕಾರಿಗಿಂತ ಹಳೆಯದು ರಸ್ತೆ. ನಮ್ಮ ಸೀಮೆಯ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ ಕೆರೆಯ ಕೋಡಿ, ಹುಣಿಸೆಯ ಮರ, ಹುತ್ತ, ಗುಂಡುಕಲ್ಲುಗಳೊಡನೆ ಹೆಬ್ಬಟ್ಟೆ, ಹೆದ್ದಾರಿಗಳೂ ಬರುತ್ತವೆ. ಬಟ್ಟೆ ಎಂದರೆ ಹಳಗನ್ನಡದಲ್ಲಿ ದಾರಿ. ದಾರಿಯಲ್ಲಿ ಸಾಗುವ ಸರಕಿನ ಮೇಲೆ ಹೆಜ್ಜುಂಕವೂ ಇತ್ತು. ಹೊಯ್ಸಳರ ಕಾಲದ ಹೇರೆತ್ತಿನವನು ಸುಂಕದ ಕಟ್ಟೆಯಲ್ಲಿ ನಿಂತಂತೆ ಇಂದಿನ ವಾಹನದವನು ಟೋಲ್ ಗೇಟಿನಲ್ಲಿ ನಿಲ್ಲುತ್ತಾನೆ. ಮಾತು ಬದಲಾಗಿದೆ, ಸುಂಕ ತಪ್ಪಿಲ್ಲ. ಅಂದಿನ ದಾರಿಗಳು ಹೆಚ್ಚಾಗಿ ಹೇರೆತ್ತುಗಳ ದಾರಿ. ಕರಾವಳಿಯ ಉಪ್ಪು ಘಟ್ಟ ಹತ್ತುತ್ತಿದ್ದುದು, ಮೈದಾನದ ಧಾನ್ಯ ಘಟ್ಟ ಇಳಿಯುತ್ತಿದ್ದುದು ಎತ್ತಿನ ಬೆನ್ನ ಮೇಲೆ. ಮಳೆಗಾಲದ ನಾಲ್ಕು ತಿಂಗಳು ಆ ವ್ಯಾಪಾರಕ್ಕೆ ಬಿಡುವು.

ಚಕ್ರಕ್ಕೆ ತಕ್ಕ ರಸ್ತೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ 1,597 ಮೈಲಿ ರಸ್ತೆಯೂ 309 ಸೇತುವೆಗಳೂ ಆದುವೆಂಬ ಲೆಕ್ಕವಿದೆ. 1856ರಲ್ಲಿ ಇದಕ್ಕಾಗಿಯೇ ಲೋಕೋಪಯೋಗಿ ಇಲಾಖೆ ಏರ್ಪಟ್ಟಿತು. ನಮ್ಮ ಜಿಲ್ಲೆಯ ಪಶ್ಚಿಮ ಭಾಗಕ್ಕೆ ರಸ್ತೆಯನ್ನು ಎಳೆದು ತಂದದ್ದು ಕಾಫಿ. ಮಂಜರಾಬಾದಿನಲ್ಲಿ, ಎಂದರೆ ಇಂದಿನ ಸಕಲೇಶಪುರದ ಸುತ್ತಿನಲ್ಲಿ, 1840ರ ದಶಕದಿಂದ ಯೂರೋಪಿನ ತೋಟಗಾರರು ನೆಲೆಯೂರತೊಡಗಿದರು. ಅವರಲ್ಲೊಬ್ಬರಾದ ರಾಬರ್ಟ್ ಎಲಿಯಟ್ 1871ರಲ್ಲಿಯೂ 1894ರಲ್ಲಿಯೂ ತಮ್ಮ ತೋಟದ ಬಾಳನ್ನು ಕುರಿತು ಪುಸ್ತಕಗಳನ್ನು ಬರೆದರು. ಕಾಫಿಬೀಜ ಕಡಲತೀರವನ್ನು ಸೇರಬೇಕಾದರೆ ಘಟ್ಟಕ್ಕೆ ಗಾಡಿರಸ್ತೆ ಬೇಕಾಯಿತು. ಮಂಜರಾಬಾದ್ ಘಟ್ಟದ ಹಾದಿ ಹೀಗೆ ಮೂಡಿತು. ಕಮಿಷನರ ಹೆಸರು ಬೆಂಗಳೂರಿನ ಉದ್ಯಾನದಲ್ಲಿ ಇಂದಿಗೂ ಜನರ ಬಾಯಲ್ಲಿದೆ, ತೋಟಗಾರನ ಹೆಸರು ಪುಸ್ತಕದಲ್ಲಿದೆ. ಬಂಡೆ ಸೀಳಿದವರು, ಜಲ್ಲಿ ಒಡೆದವರು, ಮಗುವನ್ನು ಮರದ ನೆರಳಿನಲ್ಲಿ ಮಲಗಿಸಿ ಮಣ್ಣಿನ ಮಂಕರಿ ಹೊತ್ತ ಹೆಂಗಸರು, ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಇಂಥ ಒಂದು ಕಾರು ಸಂಘ ಶರತ್ಕಾಲದ ಒಂದು ಮುಂಜಾನೆ ಬೆಂಗಳೂರಿನಿಂದ ನಮ್ಮ ಸೀಮೆಗೆ ಹೊರಟಿದೆಯೆಂದು ಭಾವಿಸಿಕೊಳ್ಳೋಣ. ಅವರು ಜಿಲ್ಲೆಯೊಳಕ್ಕೆ ಬರುವುದು ಚನ್ನರಾಯಪಟ್ಟಣದ ಕಡೆಯಿಂದ. ಹಿಂದೆ 48 ಎಂಬ ಸಂಖ್ಯೆಯಿದ್ದ, ಈಗ 75 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಅದು. ನಾಲ್ಕು ಪಥಗಳಾಗಿ ಅಗಲವಾದ ಈ ದಾರಿಯಲ್ಲಿ ಹೊಸ ಗಾಡಿಗಳು ಗಂಟೆಗೆ ನೂರು ಕಿಲೋಮೀಟರಿನಂತೆ ಹಾಯುವಾಗ, ಮೂವತ್ತು ಮೈಲಿಗೆ ಮೀರಿದರೆ ಏದುಸಿರು ಬಿಡುವ ಮುದಿಗಾಡಿಗೆ ಅಲ್ಲಿ ಸುಖವಿಲ್ಲ. ಅದು ಪಕ್ಕದ ಊರುದಾರಿಗೆ ಇಳಿಯುವುದೇ ಲೇಸು. ಇಳಿದರೆ ಕಾಣುವುದೇ ಬೇರೆ. ತೆನೆ ಬಲಿಯುತ್ತಿರುವ ರಾಗಿಯ ಹೊಲ, ನಡುವೆ ಸಾಲು ಸಾಲಾಗಿ ಹಳದಿ ಹೂ ಬಿಟ್ಟ ಹುಚ್ಚೆಳ್ಳು, ಕೋಡಿ ಹರಿದು ನಿಂತ ಕೆರೆ, ದೂರದಲ್ಲಿ ಬೆಳಗೊಳದ ಬೆಟ್ಟ. ಈ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆ ಹಳ್ಳಿಕಾರ್ ಎತ್ತುಗಳಿಗೆ ಹೆಸರಾದದ್ದು. ಮೋಟಾರು ಬರುವ ಮೊದಲು ಈ ಸೀಮೆಯ ವೇಗ ಎಷ್ಟೆಂದು ತಿಳಿಯಬೇಕಾದರೆ ಆ ಎತ್ತುಗಳ ನಡಿಗೆಯನ್ನು ನೋಡಬೇಕು.

ಹಾಸನದಿಂದ ತೆಂಕಣಕ್ಕೆ ಹೊರಳಿದರೆ ಹೊಳೆನರಸೀಪುರ. ಊರಿನ ಹೆಸರಿನಲ್ಲಿಯೇ ಹೊಳೆಯಿದೆ. ಆ ಹೊಳೆ ಹೇಮಾವತಿ. ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿ ಈ ಊರನ್ನೂ ಹಾಸನವನ್ನೂ ಹಾದುಹೋಗುತ್ತದೆ. ರೈಲು ಬಂದ ಮೇಲೆ ಬಸ್ಸಿಗೆ ಕೆಲಸ ಕಡಿಮೆಯಾಗಬೇಕಾಗಿತ್ತು; ಆದದ್ದು ಬೇರೆ. ಸ್ಟೇಷನ್ನಿನಿಂದ ಹಳ್ಳಿಗೆ, ಹಳ್ಳಿಯಿಂದ ಸಂತೆಗೆ ಜನರನ್ನು ಮುಟ್ಟಿಸಲು ಮೋಟಾರು ಬೇಕಾಯಿತು. ಅರಕಲಗೂಡಿನ ಕಡೆ ಹೋದರೆ ಕಾವೇರಿಯ ದಡದ ರಾಮನಾಥಪುರ. ಹೇಮಾವತಿಯ ಕಡೆಗೆ ಬಂದರೆ ಗೊರೂರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಹಳ್ಳಿಯ ಚಿತ್ರಗಳು' ಓದಿದವರಿಗೆ ಆ ಊರನ್ನು ಬಣ್ಣಿಸಬೇಕಾಗಿಲ್ಲ. 1979ರಲ್ಲಿ ಅಲ್ಲಿ ಜಲಾಶಯವಾಯಿತು. ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಹಳ್ಳಿಯೊಡನೆ ಗಾಡಿಜಾಡೂ ಮುಳುಗಿತು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಭಗ್ನ ಗೋಡೆಗಳನ್ನು ನೋಡಲು ಜನ ಹೋಗುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಆ ಇಗರ್ಜಿಗೆ ಭಾನುವಾರ ನಡೆದು ಬರುತ್ತಿದ್ದವರ ದಾರಿ ಯಾವ ಕಡೆಗಿತ್ತೆಂದು ಕೇಳುವವರು ವಿರಳ.

ಪಶ್ಚಿಮಕ್ಕೆ ಸಕಲೇಶಪುರ ದಾಟಿದರೆ 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ. ಘಟ್ಟದ ದಾರಿಯ ಮೇಲೆ ಕಣ್ಣಿಡಲು ಕಟ್ಟಿದ ಕೋಟೆಯದು. ಇಲ್ಲಿಂದ ಮುಂದೆ ಇಂದಿಗೂ ಮಳೆಯದೇ ಆಳ್ವಿಕೆ. ದೋಣಿಗಾಲಿನ ಬಳಿ 2021ರಲ್ಲಿಯೂ 2022ರಲ್ಲಿಯೂ ಮಳೆಗಾಲದಲ್ಲಿ ಹೆದ್ದಾರಿ ಕುಸಿದು ಸಂಚಾರಕ್ಕೆ ತಡೆಯಾಯಿತು. ಕಾರ್ಗಾಲದಲ್ಲಿ ಘಟ್ಟದ ಮುಂದೆ ಕೈಕಟ್ಟಿ ನಿಲ್ಲಬೇಕೆಂಬ ಹೇರೆತ್ತಿನವರ ವಿವೇಕವನ್ನು ನಮ್ಮ ಯಂತ್ರಗಳು ಇನ್ನೂ ಸುಳ್ಳುಮಾಡಿಲ್ಲ.

ಹಳೆಯ ಕಾರು ಹೇಗೆ ನಡೆಯುತ್ತಿತ್ತು ಎಂಬುದನ್ನೂ ತಿಳಿಯಬೇಕು. ಇಂದು ಕೀಲಿ ತಿರುಗಿಸಿದರೆ, ಗುಂಡಿ ಒತ್ತಿದರೆ ಸಾಕು. ವಿದ್ಯುತ್ತಿನಿಂದ ಎಂಜಿನ್ ಚಾಲೂ ಮಾಡುವ ಸಾಧನ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಬಂದದ್ದು 1912ರಲ್ಲಿ. ಅದು ಎಲ್ಲ ಗಾಡಿಗೂ ಹರಡುವ ತನಕ, ಹರಡಿದ ಮೇಲೂ ಬ್ಯಾಟರಿ ಸೋತಾಗ, ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಾಗಿತ್ತು. ಎಂಜಿನ್ ಎದುರೇಟು ಕೊಟ್ಟರೆ ಮಣಿಕಟ್ಟು ಮುರಿಯುವುದುಂಟು. ಆದ್ದರಿಂದ ಹೆಬ್ಬೆರಳನ್ನೂ ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡಿಯಬೇಕೆಂಬುದು ಕ್ಲೀನರ್ ಹುಡುಗ ಕಲಿಯುತ್ತಿದ್ದ ಮೊದಲ ಪಾಠ. ಪೆಟ್ರೋಲು ತಗಡಿನ ಡಬ್ಬಗಳಲ್ಲಿ ಬರುತ್ತಿತ್ತು. ದೀಪ ಕಾರ್ಬೈಡಿನದು. ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ಮೆತ್ತಿ ಊರು ಸೇರುವರು. ರೇಡಿಯೇಟರು ಸೋರಿದರೆ ಕಲಾಯಿಯವನು ಬೆಸುಗೆ ಹಾಕುವನು. ಪಟ್ಟಿ ಮುರಿದರೆ ನೇಗಿಲಿನ ಗುಳ ತಟ್ಟುವ ಕಮ್ಮಾರನೇ ಕುಲುಮೆಯಲ್ಲಿ ಕಾಯಿಸಿ ಸರಿಪಡಿಸುವನು.

ಇದು ನಮ್ಮ ಹಳ್ಳಿಗಳ ಬಡತನದ ಕಥೆಯೆಂದು ತಿಳಿಯಬೇಕಾಗಿಲ್ಲ. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಹಕ್ಕುಪತ್ರ ಪಡೆದದ್ದು 1886ರಲ್ಲಿ. ಎರಡು ವರ್ಷಗಳ ಮೇಲೆ, 1888ರ ಆಗಸ್ಟಿನಲ್ಲಿ, ಅವನ ಹೆಂಡತಿ ಬರ್ಥಾ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ಸುಮಾರು ನೂರು ಕಿಲೋಮೀಟರು ಅದೇ ಗಾಡಿಯಲ್ಲಿ ಹೋದಳು. ಮೋಟಾರಿನ ಮೊದಲ ದೂರಪ್ರಯಾಣ ಅದೇ. ದಾರಿಯಲ್ಲಿ ಇಂಧನ ಕೊಟ್ಟವನು ವೀಸ್‌ಲಾಖ್ ಊರಿನ ಔಷಧಿ ಅಂಗಡಿಯವನು. ಸರಪಳಿ ಸರಿಮಾಡಿದವನು ಕಮ್ಮಾರ. ಸವೆದ ಬ್ರೇಕಿಗೆ ತೊಗಲು ಹೊಡೆದವನು ಚಮ್ಮಾರ. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಆಕೆ ತನ್ನ ಟೋಪಿಯ ಸೂಜಿಯಿಂದ ಬಿಡಿಸಿಕೊಂಡಳು. ಎಲ್ಲ ದೇಶದಲ್ಲಿಯೂ ಕಾರು ಮುಂದೆ ಸಾಗಿದ್ದು ಊರೂರಿನ ಕಸಬುದಾರರ ಕೈಯಿಂದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕೈಗಳಿಗೆ ನಿಜವಾದ ಪರೀಕ್ಷೆ ಬಂತು. ಪೆಟ್ರೋಲು ಸೈನ್ಯಕ್ಕೆ ಮೀಸಲಾಯಿತು. ಬಸ್ಸುಗಳ ಹಿಂಭಾಗಕ್ಕೆ ಒಲೆಯಂಥ ಉರುಳೆ ಕಟ್ಟಿ, ಇದ್ದಿಲು ಉರಿಸಿ, ಅದರ ಅನಿಲದಿಂದ ಎಂಜಿನ್ ಓಡಿಸಿದರು. 1970ರ ದಶಕದ ಆರಂಭದಲ್ಲಿ ನಾನು ಹೊಳೆನರಸೀಪುರದ ಕಡೆ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ಮುದುಕರಿದ್ದರು. ಹರೆಯದಲ್ಲಿ ಇದ್ದಿಲು ಬಸ್ಸಿನ ಕ್ಲೀನರಾಗಿದ್ದವರು. ಕೋಳಿ ಕೂಗುವ ಮುನ್ನ ಎದ್ದು ಒಲೆ ಹೊತ್ತಿಸಿ ಗಾಳಿಚಕ್ರ ತಿರುಗಿಸುತ್ತ ಕೂರಬೇಕಿತ್ತಂತೆ. ಏರು ಬಂದರೆ ಬಸ್ಸಿಗೆ ಕಸುವು ಸಾಲದು. ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. "ತಳ್ಳುವಾಗ ಗೌಡರು ಯಾರು, ಆಳು ಯಾರು ಅಂತ ಯಾರು ನೋಡ್ತಿದ್ರಪ್ಪ? ಹತ್ತಿ ಕೂತ ಮೇಲೆ ಅದು ನೆನಪಾಗೋದು" ಎಂದು ಅವರು ನಗುತ್ತಿದ್ದರು. ಸಮಾಜಶಾಸ್ತ್ರದ ಎಷ್ಟೋ ಪುಟಗಳು ಆ ಒಂದು ಮಾತಿನಲ್ಲಿವೆ ಎಂದು ನನಗೆ ಅನಿಸಿದ್ದು ಬಹಳ ವರ್ಷಗಳ ಮೇಲೆ. ಮಡಿಮೈಲಿಗೆಯ ಊರಿನೊಳಗೆ ಮೊಣಕೈ ಮೊಣಕೈಗೆ ತಾಗುವಂತೆ ಜನರನ್ನು ಕೂರಿಸಿದ್ದು ಸರ್ವಿಸ್ ಬಸ್ಸಿನ ಹಲಗೆಸೀಟು. ಅದನ್ನು ಒಪ್ಪಿಕೊಳ್ಳಲು ಎಲ್ಲರಿಗೂ ಸುಲಭವಾಗಿರಲಿಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾದ ಮೇಲೆ ಟಿಕೇಟು ಕೊಂಡವನಿಗೆ ಸೀಟು ಎಂಬುದು ಸರ್ಕಾರದ ನಿಯಮವೇ ಆಯಿತು.

ಆ ಇದ್ದಿಲು ಬಸ್ಸು ಈಗ ಎಲ್ಲಿದೆ? ಗುಜರಿಯಲ್ಲಿ ಕರಗಿಹೋಗಿದೆ. ಮಹಾರಾಜರ ರೋಲ್ಸ್ ರಾಯ್ಸು, ತೋಟದ ಧಣಿಯ ಆಸ್ಟಿನ್ನು, ವಕೀಲರ ಮಾರಿಸ್ಸು ಉಳಿದಿವೆ. ಉಳಿದದ್ದು ತಪ್ಪಲ್ಲ, ಅದನ್ನು ಕಾಪಾಡಿದವರಿಗೆ ನಾವು ಋಣಿಗಳು. ಒಂದು ಕಾಲದಲ್ಲಿ ಇಂಥ ಕಾರುಗಳು ಪರದೇಶದ ಸಂಗ್ರಾಹಕರ ಪಾಲಾಗುತ್ತಿದ್ದವು. 1970ರ ದಶಕದಲ್ಲಿ ಭಾರತ ಸರ್ಕಾರ ರಫ್ತಿಗೆ ತಡೆಹಾಕಿದ ಮೇಲೆ ಆ ಹರಿವು ನಿಂತಿತು. ಇವುಗಳಲ್ಲಿ ನಮ್ಮ ನೆಲದಲ್ಲಿ ಹುಟ್ಟಿದ ಕಾರು ಇಲ್ಲದಿರುವುದಕ್ಕೂ ಒಂದು ಕಾರಣವುಂಟು. 1930ರ ದಶಕದ ನಡುವೆ ವಿಶ್ವೇಶ್ವರಯ್ಯನವರು ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಮೋಟಾರು ತಯಾರಿಕೆಯ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬೆಂಗಳೂರಿನಲ್ಲಿ ಕಾರ್ಖಾನೆ ಸ್ಥಾಪಿಸಲು ಮೈಸೂರು ಸರ್ಕಾರ ನೆರವಿಗೆ ನಿಂತಿತ್ತು. ಬ್ರಿಟಿಷ್ ಸರ್ಕಾರ ಒಪ್ಪದ್ದರಿಂದ ಅದು ಕೈಗೂಡಲಿಲ್ಲ. ಹಳೆಯ ಕಾರುಗಳ ಸಾಲಿನಲ್ಲಿ ಮೈಸೂರಿನ ಮುದ್ರೆಯ ಒಂದು ಕಾರು ನಿಲ್ಲಬಹುದಾಗಿದ್ದ ಜಾಗ ಹೀಗೆ ಬರಿದಾಗಿದೆ.

ನಮ್ಮ ಶಾಸನಗಳ ಸಂಗತಿಯೂ ಇದೇ. ಅರಸನ ದಾನ, ದಂಡನಾಯಕನ ಪ್ರಶಸ್ತಿ, ಸೆಟ್ಟಿಯ ಬಸದಿ ಕಲ್ಲಿನಲ್ಲಿ ಉಳಿದವು. ಉತ್ತವನ ಮಾತು ಉಳಿಯಲಿಲ್ಲ. ಆದರೆ ಕನ್ನಡ ನಾಡಿನ ದೊಡ್ಡತನವೆಂದರೆ ಅದು ವೀರಗಲ್ಲನ್ನೂ ನೆಟ್ಟಿತು. ತುರುಗಳನ್ನು ಕಾಯುತ್ತ ಸತ್ತ ಊರಿನ ಸಾಮಾನ್ಯನೊಬ್ಬನಿಗೆ ಅವನ ಹೆಸರು ಹಿಡಿದು ಕಲ್ಲು ನಿಲ್ಲಿಸಿತು. ಬೇಲೂರಿನ ಮದನಿಕೆಯರನ್ನು ಮೆಚ್ಚುವ ಸೀಮೆಯೇ ಹೊಲದ ಬದುವಿನ ವೀರಗಲ್ಲನ್ನೂ ಉಳಿಸಿಕೊಂಡಿದೆ. ಮೋಟಾರಿನ ಇತಿಹಾಸದಲ್ಲಿ ಮದನಿಕೆಗಳು ನಮಗೆ ಸಾಕಷ್ಟು ದೊರೆತಿವೆ. ವೀರಗಲ್ಲುಗಳು ಇನ್ನೂ ನಿಂತಿಲ್ಲ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದೇ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲಿಯೇ ಇರುವ ಸ್ವಂತ ಬಳಕೆಯ ಕಾರು, ಸ್ಕೂಟರುಗಳನ್ನು ವಿಂಟೇಜ್ ಎಂದು ಗುರುತಿಸುತ್ತಾರೆ. ಹೊಸದಾಗಿ ನೋಂದಣಿಯಾಗುವ ಗಾಡಿಯ ಫಲಕದಲ್ಲಿ ರಾಜ್ಯದ ಅಕ್ಷರಗಳ ಜೊತೆಗೆ 'ವಿಎ' ಎಂಬ ಗುರುತಿರುತ್ತದೆ. ಶುಲ್ಕ 20,000 ರೂಪಾಯಿ. ದಿನಬಳಕೆಗಾಗಲಿ ವ್ಯಾಪಾರಕ್ಕಾಗಲಿ ಇವನ್ನು ರಸ್ತೆಗಿಳಿಸುವಂತಿಲ್ಲ. ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ಸಂಘದ ಸಂಚಾರಕ್ಕೆ, ಇಂಧನ ತುಂಬಿಸಲು, ದುರಸ್ತಿಗೆ ತೆಗೆದುಕೊಂಡು ಹೋಗಬಹುದು. ಒಳ್ಳೆಯ ನಿಯಮ. ಗಾಡಿಯ ಕಬ್ಬಿಣಕ್ಕೆ ಇದರಿಂದ ರಕ್ಷಣೆ ಸಿಕ್ಕಿತು. ಗಾಡಿ ಓಡಿದ ದಾರಿಗೆ, ಓಡಿಸಿದ ಮನುಷ್ಯನಿಗೆ ಇಂಥ ರಕ್ಷಣೆ ಯಾವ ನಿಯಮದಲ್ಲಿಯೂ ಇಲ್ಲ. ಹೆದ್ದಾರಿ ಅಗಲವಾಗುವಾಗ ಸಾಲುಮರಗಳು ಉರುಳಿದವು. ನಾನು ಹುಡುಗನಾಗಿದ್ದಾಗ ಓದುತ್ತಿದ್ದ ಕನ್ನಡ ಅಂಕಿಯ ಮೈಲಿಗಲ್ಲುಗಳು ಮಣ್ಣಿನಡಿ ಸೇರಿವೆ, ಇಲ್ಲವೆ ಯಾರದೋ ಮನೆಯ ಮುಂದೆ ಬಟ್ಟೆ ಒಗೆಯುವ ಕಲ್ಲಾಗಿವೆ. ಹಳೆಯ ಡ್ರೈವರುಗಳಂತೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ; ಕಾರ್ಬುರೇಟರಿನ ಸದ್ದು ಕೇಳಿ ರೋಗ ಹೇಳುವ ಕಿವಿ ಅವರೊಡನೆಯೇ ಹೋಗುತ್ತಿದೆ.

ಆದ್ದರಿಂದ ಕಾರು ಸಂಘಗಳ ಮುಂದೆ ನನ್ನದೊಂದು ಬೇಡಿಕೆಯಿದೆ. ಮುಂದಿನ ಶರತ್ಕಾಲದಲ್ಲಿ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹಾದಿಯಲ್ಲಿ ನೀವು ಬರುವುದಾದರೆ, ಒಂದೊಂದು ಊರಿನಲ್ಲಿ ಒಬ್ಬ ಹಳೆಯ ಡ್ರೈವರನ್ನೋ ಮೆಕ್ಯಾನಿಕ್ಕನ್ನೋ ಹುಡುಕಿ ಕಾರಿಗೆ ಹತ್ತಿಸಿಕೊಳ್ಳಿ. ಮುಂದಿನ ಊರು ಬರುವ ತನಕ ಅವರು ಆಡಿದ್ದನ್ನು ಬರೆದುಕೊಳ್ಳಿ. ಯಾವ ಏರಿನಲ್ಲಿ ಎಂಜಿನ್ ಕಾಯುತ್ತಿತ್ತು, ಯಾವ ಬಾವಿಯ ನೀರು ಹೊಯ್ಯುತ್ತಿದ್ದರು, ಯಾವ ಮರದಡಿ ಬಸ್ಸು ನಿಲ್ಲುತ್ತಿತ್ತು, ಯಾರನ್ನು ಹತ್ತಿಸಿಕೊಳ್ಳುತ್ತಿದ್ದರು, ಯಾರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ ಎಂಬುದನ್ನು ಕೇಳಿ. ನಮ್ಮ ಕಾಲೇಜುಗಳ ಇತಿಹಾಸದ, ಕನ್ನಡದ ವಿದ್ಯಾರ್ಥಿಗಳು ಈ ಕೆಲಸಕ್ಕೆ ಒದಗುತ್ತಾರೆ. ನಾಲ್ಕು ಊರು ಸುತ್ತಲು ಅವರಿಗೆ ಎರಡು ದಿನ ಸಾಕು. ಹಾಗೆ ಕೂಡಿಬಂದ ಮಾತುಗಳ ಮೇಲೆ ಹೇಳಿದವರ ಹೆಸರು, ಊರು, ಓಡಿಸಿದ ಗಾಡಿ ಮತ್ತು ಅವರು ಓಡಾಡಿದ ದಾರಿ, ಇಷ್ಟನ್ನು ತಪ್ಪದೆ ಬರೆಯಬೇಕು.